ಮುಂಬಯಿಯಲ್ಲಿ ಹತ್ಯಾರು ಕೊಳ್ಳುವ ಮುನ್ನ: ಸೇಲಿನ ದರ, ಉಕ್ಕಿನ ಹದ ಮತ್ತು ತಯಾರಾದ ಊರು

ನವರಾತ್ರಿ ಹತ್ತಿರ ಬರುತ್ತಿದ್ದಂತೆ ಮುಂಬಯಿಯ ಶಾಪಿಂಗ್ ಮಾಲುಗಳಲ್ಲಿಯೂ ಆನ್‌ಲೈನ್ ಅಂಗಡಿಗಳಲ್ಲಿಯೂ ಹತ್ಯಾರುಗಳ ಸೆಟ್ಟುಗಳ ಮೇಲೆ ಶೇಕಡಾ 50, 60, ಕೆಲವೊಮ್ಮೆ 70ರಷ್ಟು ರಿಯಾಯಿತಿಯ ಫಲಕಗಳು ಕಾಣಿಸಿಕೊಳ್ಳುತ್ತವೆ. ಆಯುಧಪೂಜೆಯ ದಿನ ಮನೆಯ ಸುತ್ತಿಗೆ, ಇಕ್ಕಳ, ಹೆರೆಮಣೆ, ಮೆಟ್ಟುಗತ್ತಿಗಳನ್ನು ತೊಳೆದು ಕುಂಕುಮ ಹಚ್ಚುವ ರೂಢಿಯುಳ್ಳ ನಮ್ಮವರಿಗೆ ಹೊಸ ಹತ್ಯಾರು ಕೊಳ್ಳಲು ಅದು ಸಹಜವಾದ ಕಾಲವೂ ಹೌದು. ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ಈಗ ಡೊಂಬಿವಲಿಯಲ್ಲಿ ನೆಲೆಸಿರುವ ನನ್ನನ್ನು ಪರಿಚಯದ ಕನ್ನಡಿಗರು ಪ್ರತಿವರ್ಷವೂ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಸೇಲಿನಲ್ಲಿ ಸಿಗುವ ದೊಡ್ಡ ಸೆಟ್ಟನ್ನು ಕೊಳ್ಳಬೇಕೇ, ಹತ್ಯಾರಿನ ಪೇಟೆಯಾದ ನಾಗದೇವಿ ಬೀದಿಗೆ ಹೋಗಿ ಬಿಡಿಯಾಗಿ ಆರಿಸಬೇಕೇ, ದೇಶದಲ್ಲೇ ತಯಾರಾದ ಮಾಲು ಸಾಕೇ, ವಿದೇಶಿ ಹೆಸರಿಗೆ ಹೆಚ್ಚು ಹಣ ತೆರುವುದರಲ್ಲಿ ಅರ್ಥವಿದೆಯೇ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಗಾಗಲಿ, ಚಿಕ್ಕ ಹೋಟೆಲಿಗಾಗಲಿ ನಿಜವಾಗಿ ಬೇಕಾಗುವುದು ಏಳೆಂಟು ಬಗೆಯ ಹತ್ಯಾರುಗಳು ಮಾತ್ರ. ಅವನ್ನು ಒಂದೊಂದಾಗಿ, ಕೈಯಲ್ಲಿ ಹಿಡಿದು ನೋಡಿ, ತಯಾರಕನ ಹೆಸರನ್ನು ಉಕ್ಕಿನ ಮೇಲೆಯೇ ಅಚ್ಚೊತ್ತಿರುವ ದೇಶಿ ಕಾರ್ಖಾನೆಯ ಮಾಲಿನಲ್ಲಿ ಕೊಳ್ಳುವುದು ಹೆಚ್ಚಿನವರಿಗೆ ಸರಿಯಾದ ದಾರಿ. ಯಾವ ಮಾಡೆಲ್ ಬೇಕೆಂದು ತೀರ್ಮಾನವಾದ ಮೇಲೆ ಅದನ್ನೇ ಕಡಿಮೆ ದರಕ್ಕೆ ಪಡೆಯಲು ಸೇಲು ಉಪಯೋಗಕ್ಕೆ ಬರುತ್ತದೆ. ಯಾವುದನ್ನು ಕೊಳ್ಳಬೇಕೆಂದು ತೀರ್ಮಾನಿಸಲು ಸೇಲನ್ನು ನೆಚ್ಚಬಾರದು. ಇದಕ್ಕೆ ಕೆಲವು ಅಪವಾದಗಳಿವೆ. ಅವನ್ನು ಆಯಾ ಸ್ಥಳದಲ್ಲಿ ಹೇಳುತ್ತೇನೆ.

ನೂರು ಪೀಸಿನ ಸೆಟ್ಟು

ಪೆಟ್ಟಿಗೆಯೊಂದರ ಮೇಲೆ 4,999 ರೂಪಾಯಿ ಎಂಆರ್‌ಪಿ ಮುದ್ರಿತವಾಗಿದೆ, ಸೇಲಿನಲ್ಲಿ ಅದು 1,499ಕ್ಕೆ ಸಿಗುತ್ತದೆ ಎಂದುಕೊಳ್ಳೋಣ. ಶೇಕಡಾ 70ರಷ್ಟು ಉಳಿತಾಯವಾಯಿತೆಂದು ತೋರುತ್ತದೆ. ಆದರೆ ಎಂಆರ್‌ಪಿ ಎಂಬುದು ಅದಕ್ಕಿಂತ ಹೆಚ್ಚಿಗೆ ಮಾರಕೂಡದೆಂಬ ಮಿತಿ. ಆ ಮಿತಿಯ ಮೊತ್ತವನ್ನು ನಿಗದಿ ಮಾಡುವವನು ತಯಾರಕ ಅಥವಾ ಆಮದುದಾರನೇ. ಆರಂಭದಲ್ಲೇ ಎತ್ತರದ ಸಂಖ್ಯೆಯೊಂದನ್ನು ಮುದ್ರಿಸಿದವನಿಗೆ ಎಷ್ಟು ಶೇಕಡಾ ಕಡಿತ ತೋರಿಸಿದರೂ ನಷ್ಟವಿಲ್ಲ. ಹಾಗಾಗಿ ನೋಡಬೇಕಾದ ಲೆಕ್ಕ ಬೇರೆಯದು: 1,499 ರೂಪಾಯಿಗೆ ನೂರು ಪೀಸು ಎಂದರೆ ಒಂದಕ್ಕೆ ಸರಾಸರಿ 15 ರೂಪಾಯಿ. ಉಕ್ಕನ್ನು ಕಾಸಿ ಬಡಿದು, ಹದ ಕೊಟ್ಟು, ಬಾಯಿಯನ್ನು ಉಜ್ಜಿ ಸರಿಪಡಿಸಿದ ಇಕ್ಕಳ ಆ ಲೆಕ್ಕದೊಳಗೆ ಹೇಗೆ ಬಂದೀತು? ಪೆಟ್ಟಿಗೆಯನ್ನು ತೆರೆದು ಎಣಿಸಿದರೆ ಸ್ಕ್ರೂ ಡ್ರೈವರಿನ ಚಿಕ್ಕ ಬಿಟ್ಟುಗಳು, ಆರು ಮೂಲೆಯ ಅಲೆನ್ ಕೀಗಳು, ಹಲವು ಸಲ ಮೊಳೆ, ತಿರುಪು, ಗೋಡೆಯ ಪ್ಲಗ್ಗುಗಳೂ ಸೇರಿ ಆ ನೂರರ ಸಂಖ್ಯೆ ಆಗಿರುತ್ತದೆ.

ಹೊಸ ಮನೆಗೆ ಹೋದ ವರ್ಷ ನಾನೂ ಇಂಥದೊಂದು ಸೆಟ್ಟನ್ನು ತಂದಿದ್ದೆ. ಕಾರ್ಖಾನೆಯ ಹತ್ಯಾರನ್ನು ಮನೆಗೆ ತರುವಂತಿರಲಿಲ್ಲ, ಮನೆಯ ಚಿಲ್ಲರೆ ಕೆಲಸಕ್ಕೆ ಇಷ್ಟು ಸಾಕೆಂದು ತಿಳಿದಿದ್ದೆ. ಮೂರನೆಯ ತಿಂಗಳಲ್ಲಿ ಬಚ್ಚಲಿನ ಗೀಸರಿನ ತಿರುಪು ಬಿಚ್ಚುವಾಗ ಸ್ಕ್ರೂ ಡ್ರೈವರಿನ ತುದಿ ಮೇಣದಂತೆ ತಿರುಚಿಕೊಂಡಿತು, ಜೊತೆಗೆ ತಿರುಪಿನ ತಲೆಯ ಗೆರೆಯನ್ನೂ ಸವೆಸಿತು. ಆ ಒಂದು ತಿರುಪನ್ನು ತೆಗೆಯಲು ಕೊನೆಗೆ ಡ್ರಿಲ್ಲಿನಿಂದ ಕೊರೆಯಬೇಕಾಯಿತು. ಕೆಟ್ಟ ಹತ್ಯಾರು ತಾನು ಹಾಳಾಗುವುದರ ಜೊತೆಗೆ ಮುಟ್ಟಿದ ವಸ್ತುವನ್ನೂ ಹಾಳುಮಾಡುತ್ತದೆ. ಸೆಟ್ಟಿನ ದರಕ್ಕೆ ಈ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಹಾಗೆಂದು ಸೆಟ್ಟುಗಳೆಲ್ಲ ತ್ಯಾಜ್ಯವೆಂದು ನಾನು ಹೇಳುತ್ತಿಲ್ಲ. ಒಂದೇ ಜಾತಿಯ ಹತ್ಯಾರಿನ ಸೆಟ್ಟು, ಅಂದರೆ ಆರೋ ಎಂಟೋ ಪಾನಾಗಳ (ಸ್ಪ್ಯಾನರುಗಳ) ಕಟ್ಟು ಅಥವಾ ಅಲೆನ್ ಕೀಗಳ ಕಟ್ಟು, ಒಳ್ಳೆಯ ತಯಾರಕನದಾಗಿದ್ದರೆ ಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗವಾಗಿಯೇ ಸಿಗುತ್ತದೆ. ಎಲ್ಲ ಜಾತಿಯನ್ನೂ ಒಂದೇ ಪೆಟ್ಟಿಗೆಗೆ ತುಂಬಿದ ಸೆಟ್ಟಿನ ಬಗ್ಗೆ ಮಾತ್ರ ನನ್ನ ಆಕ್ಷೇಪ.

ಎಲ್ಲಿ ಕೊಳ್ಳುವುದು

ಮುಂಬಯಿಯವರಿಗೆ ನಾಗದೇವಿ ಬೀದಿ ಮತ್ತು ಅದರ ನೆರೆಯ ನಾರಾಯಣ ಧುರು ಬೀದಿ ಇರುವಾಗ ಹತ್ಯಾರಿಗಾಗಿ ಶಾಪಿಂಗ್ ಮಾಲಿಗೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಮಸೀದಿ ಬಂದರ್ ನಿಲ್ದಾಣದಲ್ಲಿ ಇಳಿದು ಪಶ್ಚಿಮಕ್ಕೆ, ಅಥವಾ ಸಿಎಸ್‌ಎಂಟಿಯಿಂದ ಕ್ರಾಫರ್ಡ್ ಮಾರ್ಕೆಟಿನ ದಾರಿಯಾಗಿ ನಡೆದುಹೋಗಬಹುದು. ಕಾರ್ಖಾನೆ, ಗ್ಯಾರೇಜು, ಕಾಂಟ್ರಾಕ್ಟರುಗಳಿಗೆ ಮಾಲು ಒದಗಿಸುವ ಅಂಗಡಿಗಳು ಅಲ್ಲಿ ಸಾಲಾಗಿವೆ. ಅಲ್ಲಿಯ ವ್ಯಾಪಾರದ ರೀತಿ ಬೇರೆ. ಕಂಪನಿ ಪ್ರಕಟಿಸಿದ ಲಿಸ್ಟ್ ಪ್ರೈಸ್ ಇರುತ್ತದೆ, ಅದರ ಮೇಲೆ ಅಂಗಡಿಯವರು ಇಂತಿಷ್ಟು ಶೇಕಡಾ ಡಿಸ್ಕೌಂಟ್ ಬಿಟ್ಟು ನೆಟ್ ರೇಟ್ ಹೇಳುತ್ತಾರೆ. ಹಬ್ಬವಿರಲಿ, ಇಲ್ಲದಿರಲಿ, ಈ ಕಡಿತ ವರ್ಷವಿಡೀ ನಡೆಯುವಂಥದು. ಹೋಗುವ ಮೊದಲು ಕಂಪನಿಯ ದರಪಟ್ಟಿಯಲ್ಲಿ ಮಾಡೆಲ್ ನಂಬರನ್ನು ಬರೆದುಕೊಂಡು, ಎರಡು ಮೂರು ಅಂಗಡಿಗಳಲ್ಲಿ ಆ ನಂಬರನ್ನೇ ಹೇಳಿ ಜಿಎಸ್‌ಟಿ ಸೇರಿದ ನೆಟ್ ರೇಟ್ ಕೇಳಿದರೆ ಹೋಲಿಕೆ ಸುಲಭವಾಗುತ್ತದೆ. ಜಿಎಸ್‌ಟಿ ಸೇರಿದೆಯೇ ಇಲ್ಲವೇ ಎಂಬುದನ್ನು ಕೇಳದೆ ಇದ್ದರೆ ಎರಡು ಅಂಗಡಿಗಳ ದರವನ್ನು ಹೋಲಿಸಿದಂತೆ ಆಗುವುದಿಲ್ಲ.

ಈ ಪೇಟೆಗಳಲ್ಲಿ ಎಚ್ಚರದಿಂದಿರಬೇಕಾದ ಸಂಗತಿ ಡುಪ್ಲಿಕೇಟ್ ಮಾಲು. ಹೆಸರುವಾಸಿಯಾದ ಬ್ರಾಂಡುಗಳ ಹೆಸರನ್ನು ಒಂದಕ್ಷರ ಬದಲಿಸಿಯೋ, ಬದಲಿಸದೆಯೋ ಮಾರುವವರು ಇದ್ದಾರೆ. ದರ ಉಳಿದೆಲ್ಲ ಅಂಗಡಿಗಳಿಗಿಂತ ತೀರಾ ಕಡಿಮೆಯಿದ್ದು, ಪಕ್ಕಾ ಬಿಲ್ ಕೊಡಲು ಅಂಗಡಿಯವರು ಹಿಂಜರಿದರೆ ಅಲ್ಲಿಂದ ಹೊರಡುವುದೇ ಲೇಸು. ತೆರಿಗೆ ಉಳಿಯಿತೆಂದು ಕಚ್ಚಾ ಬಿಲ್ಲಿಗೆ ಒಪ್ಪಿದವರು ಮುಂದೆ ಹತ್ಯಾರು ಮುರಿದಾಗ ತಯಾರಕನ ಬಳಿಗೂ, ಗ್ರಾಹಕರ ರಾಷ್ಟ್ರೀಯ ಸಹಾಯವಾಣಿಯಾದ 1915ಕ್ಕೂ ಯಾವ ದಾಖಲೆಯನ್ನು ತೋರಿಸುತ್ತಾರೆ?

ಪುಣೆಯವರಿಗೆ ರವಿವಾರ ಪೇಟೆಯ ಬೋಹರಿ ಆಳಿ ಇದೇ ಕೆಲಸಕ್ಕೆ ಒದಗುತ್ತದೆ. ಗೋವೆಯಲ್ಲಿ ಇಷ್ಟು ದೊಡ್ಡ ಸಾಲು ಪೇಟೆಯಿಲ್ಲದಿದ್ದರೂ ಮಡಗಾಂವ್, ಮಾಪುಸಾ, ವಾಸ್ಕೋಗಳ ಹಾರ್ಡ್‌ವೇರ್ ಅಂಗಡಿಗಳಲ್ಲಿ ಮುಖ್ಯ ದೇಶಿ ಬ್ರಾಂಡುಗಳು ಸಿಗುತ್ತವೆ.

ಮನೆಯ ಹತ್ತಿರದ ಹಾರ್ಡ್‌ವೇರ್ ಅಂಗಡಿಯನ್ನು ನಾನು ಕಡೆಗಣಿಸುವುದಿಲ್ಲ. ನಾಗದೇವಿಗಿಂತ ಐದಾರು ಶೇಕಡಾ ಹೆಚ್ಚು ತೆತ್ತರೂ, ಲೋಕಲ್ ಟ್ರೇನಿನ ಅರ್ಧ ದಿನ ಉಳಿಯುತ್ತದೆ, ಬಾಯಿ ಕೂಡದ ಇಕ್ಕಳವನ್ನು ಮರುದಿನವೇ ಬದಲಿಸಿಕೊಳ್ಳಬಹುದು. ಒಂದೇ ಒಂದು ಹತ್ಯಾರು ಬೇಕಾದಾಗ ಅಲ್ಲಿಯೇ ಕೊಳ್ಳುವುದು ಸರಿ. ಪಟ್ಟಿ ಉದ್ದವಾಗಿದ್ದರೆ ಮಾತ್ರ ಪೇಟೆಗೆ ಹೋಗಬೇಕು.

ಆನ್‌ಲೈನಿನಲ್ಲಿ ಆಯ್ಕೆ ವಿಶಾಲವಾಗಿದೆ, ವಾಪಸು ಕೊಡುವ ಅವಕಾಶವಿದೆ, ನಿಜ. ಆದರೆ ಹತ್ಯಾರಿನ ಗುಣ ಗೊತ್ತಾಗುವುದು ಕೈಯಲ್ಲಿ. ಚಿತ್ರದಲ್ಲಿ ಎಲ್ಲ ಕ್ರೋಮೂ ಒಂದೇ ರೀತಿ ಹೊಳೆಯುತ್ತದೆ. ಮೊದಲೇ ಬಳಸಿ ಬಲ್ಲ ಮಾಡೆಲನ್ನು ಎರಡನೆಯ ಸಲ ಕೊಳ್ಳಲು ಆನ್‌ಲೈನ್ ಒಳ್ಳೆಯದು. ಕೊಳ್ಳುವಾಗ ಬ್ರಾಂಡಿನ ಹೆಸರಿನಷ್ಟೇ ಎಚ್ಚರದಿಂದ ಮಾರಾಟಗಾರನ ಹೆಸರನ್ನೂ ಓದಬೇಕು.

ಇನ್ನು ಹಳೆಯ ಮಾಲು. ಮುಂಬಯಿಯ ಚೋರ್ ಬಜಾರಿನಲ್ಲಿಯೂ ಪುಣೆಯಲ್ಲಿ ಬುಧವಾರ, ಭಾನುವಾರಗಳಂದು ಸೇರುವ ಜುನಾ ಬಜಾರಿನಲ್ಲಿಯೂ ವಸ್ತುವನ್ನು ಬಿಗಿಯಾಗಿ ಹಿಡಿಯುವ ಹಳೆಯ ಬೆಂಚ್ ವೈಸು, ಸುತ್ತಿಗೆ, ಕಮ್ಮಾರರ ಅಡಿಗಲ್ಲುಗಳು ಸಿಗುತ್ತವೆ. ಸವೆಯುವ ಭಾಗ ಕಡಿಮೆಯಿರುವ ಭಾರದ ಹತ್ಯಾರುಗಳನ್ನು ಹೀಗೆ ಕೊಳ್ಳಬಹುದು. ವೈಸಿನ ತಿರುಪನ್ನು ಪೂರ್ತಿ ತಿರುಗಿಸಿ, ದೇಹದಲ್ಲಿ ವೆಲ್ಡಿಂಗ್ ಗುರುತಿಲ್ಲವೆಂದು ನೋಡಿಕೊಂಡರೆ ಸಾಕು. ಅರ, ಗರಗಸ, ಕತ್ತರಿಸುವ ಇಕ್ಕಳಗಳನ್ನು ಹಳೆಯದಾಗಿ ಕೊಳ್ಳಬಾರದು.

ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳು

ದೇಶಿ ಮಾಲು ಕೊಳ್ಳಬೇಕೆಂಬ ಇಚ್ಛೆಯುಳ್ಳವರು ಪೆಟ್ಟಿಗೆಯ ಮುಂಭಾಗದ ತ್ರಿವರ್ಣವನ್ನು ನೋಡಿ ಮೋಸಹೋಗುವುದನ್ನು ನಾನು ಕಂಡಿದ್ದೇನೆ. ನೋಡಬೇಕಾದದ್ದು ಹಿಂಭಾಗದ ಚಿಕ್ಕ ಅಕ್ಷರಗಳನ್ನು. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳ ಪ್ರಕಾರ ತಯಾರಕ, ಪ್ಯಾಕ್ ಮಾಡಿದವ ಅಥವಾ ಆಮದುದಾರನ ಹೆಸರು ವಿಳಾಸ, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಿಕೊಳ್ಳಬೇಕಾದ ವಿಳಾಸ ಇವೆಲ್ಲ ಪೊಟ್ಟಣದ ಮೇಲಿರಬೇಕು. ಆಮದಾದ ಮಾಲಿನ ಮೇಲೆ ಅದು ತಯಾರಾದ ದೇಶದ ಹೆಸರೂ ಇರಬೇಕು. 2020ರ ಇ-ಕಾಮರ್ಸ್ ನಿಯಮಗಳು ಆನ್‌ಲೈನ್ ಮಾರಾಟದಲ್ಲಿಯೂ ಮೂಲದೇಶವನ್ನು ತೋರಿಸಬೇಕೆಂದು ಹೇಳುತ್ತವೆ.

ಇಲ್ಲಿ ಒಂದೊಂದು ಪದಕ್ಕೂ ಬೇರೆ ಬೇರೆ ಅರ್ಥವಿದೆ. ‘ಮ್ಯಾನುಫ್ಯಾಕ್ಚರ್ಡ್ ಬೈ’ ಎಂದು ನಾಶಿಕ ಅಥವಾ ಜಲಂಧರದ ಕಾರ್ಖಾನೆಯ ವಿಳಾಸವಿದ್ದರೆ ಮಾಲು ಅಲ್ಲಿ ತಯಾರಾಗಿದೆ. ‘ಮಾರ್ಕೆಟೆಡ್ ಬೈ’ ಎಂದು ಅಂಧೇರಿಯ ಕಚೇರಿಯೊಂದರ ವಿಳಾಸವಿದ್ದರೆ ಆ ಕಚೇರಿ ಮಾರುತ್ತದೆ ಎಂದಷ್ಟೇ ಅರ್ಥ. ‘ಪ್ಯಾಕ್ಡ್ ಬೈ’ ಎಂದರೆ ಪೆಟ್ಟಿಗೆಗೆ ತುಂಬಿದವರು ಅವರು. ‘ಇಂಪೋರ್ಟೆಡ್ ಬೈ’ ಎಂದಿದ್ದರೆ ಬ್ರಾಂಡಿನ ಹೆಸರು ಎಷ್ಟೇ ಸಂಸ್ಕೃತಮಯವಾಗಿದ್ದರೂ ಮಾಲು ಹೊರದೇಶದ್ದು. ಇದರ ವಿರುದ್ಧ ದಿಕ್ಕಿನ ಉದಾಹರಣೆಗಳೂ ಇವೆ. ಪಂಜಾಬಿನ ಜಲಂಧರ, ಲುಧಿಯಾನಗಳ ಕಾರ್ಖಾನೆಗಳು ಹಲವು ದೇಶಗಳಿಗೆ ಹತ್ಯಾರು ರಫ್ತು ಮಾಡುತ್ತವೆ. ವಿದೇಶಿ ಹೆಸರಿನ ಪಾನಾ ಹುಟ್ಟಿದ ಊರು ಪಂಜಾಬಿನಲ್ಲಿಯೇ ಇರಬಹುದು.

‘ಕ್ರೋಮ್ ವೆನೇಡಿಯಮ್’ ಎಂದು ಅಚ್ಚೊತ್ತಿದ ಮಾತ್ರಕ್ಕೆ ಉಕ್ಕು ಆ ಮಿಶ್ರಣದ್ದೆಂದು ನಂಬಬೇಕಾಗಿಲ್ಲ, ಅಕ್ಷರ ಒತ್ತುವುದಕ್ಕೆ ಹೆಚ್ಚು ಖರ್ಚಾಗುವುದಿಲ್ಲ. ತಯಾರಕನ ಹೆಸರಿನ ಜೊತೆಗೆ ಭಾರತೀಯ ಮಾನಕದ ಸಂಖ್ಯೆ ದರಪಟ್ಟಿಯಲ್ಲಿ ಇದೆಯೇ ಎಂದು ನೋಡುವುದು ಹೆಚ್ಚು ಪ್ರಯೋಜನಕಾರಿ. ಇಕ್ಕಳಗಳಿಗೆ ಐಎಸ್ 3650, ಸ್ಕ್ರೂ ಡ್ರೈವರುಗಳಿಗೆ ಐಎಸ್ 844, ಪೈಪ್ ಪಾನಾಗಳಿಗೆ ಐಎಸ್ 4003 ಎಂಬ ಮಾನಕಗಳಿವೆ. ಆ ಸಂಖ್ಯೆಯನ್ನು ಬಹಿರಂಗವಾಗಿ ಬರೆದ ತಯಾರಕ ತನ್ನನ್ನು ಒಂದು ಅಳತೆಗೆ ಒಪ್ಪಿಸಿಕೊಂಡಿರುತ್ತಾನೆ.

ದೇಶಿ, ವಿದೇಶಿ

ಮುಂಬಯಿಯಿಂದ ಕೊಂಕಣ ರೈಲಿನಲ್ಲಿ ಉಡುಪಿ, ಮಂಗಳೂರಿನ ಕಡೆಗೆ ಹೋಗುವವರು ಚಿಪ್ಳೂಣ, ರತ್ನಾಗಿರಿಗಳನ್ನು ದಾಟಿಯೇ ಹೋಗುತ್ತಾರೆ. ರೇಮಂಡ್ ಸಮೂಹದ ಜೆ.ಕೆ. ಫೈಲ್ಸ್ ಕಂಪನಿಯ ಅರಗಳು ಈ ಎರಡು ಊರುಗಳಲ್ಲಿಯೂ ತಯಾರಾಗುತ್ತವೆ. ಅದೇ ರೈಲು ಮುಂದೆ ಗೋವೆಯನ್ನು ಹಾದುಹೋಗುತ್ತದೆ. ಟಪಾರಿಯಾ ಟೂಲ್ಸ್ ಕಂಪನಿಯ ಒಂದು ಕಾರ್ಖಾನೆ ಗೋವೆಯಲ್ಲಿದೆ, ಇನ್ನೊಂದು ನಾಶಿಕದ ಸಾತಪುರದಲ್ಲಿದೆ. ಸ್ವೀಡನ್ನಿನ ಕಂಪನಿಯೊಂದರ ತಾಂತ್ರಿಕ ಸಹಯೋಗದಿಂದ 1969ರಲ್ಲಿ ಭಾರತದಲ್ಲಿ ಹತ್ಯಾರುಗಳ ತಯಾರಿಕೆಯನ್ನು ಆರಂಭಿಸಿದ ಕಂಪನಿ ಅದು. ಜಲಂಧರದಲ್ಲಿ ಹತ್ಯಾರುಗಳಿಗೆಂದೇ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ರಾಜಸ್ಥಾನದ ನಾಗೌರ್ ಚಿಕ್ಕ ಇಕ್ಕಳ, ಸುತ್ತಿಗೆಗಳ ಕುಶಲಕರ್ಮಿಗಳ ಊರು. ನಮ್ಮ ಮನೆಗಳಿಗೆ ಬೇಕಾದ ಹತ್ಯಾರುಗಳಲ್ಲಿ ಹೆಚ್ಚಿನವು ಹೀಗೆ ಒಂದು ರಾತ್ರಿಯ ಪ್ರಯಾಣದ ದೂರದಲ್ಲಿ ತಯಾರಾಗುತ್ತಿರುವಾಗ, ಸೇಲಿನ ಪೆಟ್ಟಿಗೆಯಲ್ಲಿ ಊರು ಹೆಸರಿಲ್ಲದ ಮಾಲು ತರುವುದು ನನಗೆ ಸಂಕಟದ ಸಂಗತಿ. ನಾನು ದೇಶಿ ಮಾಲನ್ನು ಹೇಳುವುದು ಅಭಿಮಾನದಿಂದಲೂ ಹೌದು, ಆದರೆ ಮೂವತ್ತು ವರ್ಷ ಕಾರ್ಖಾನೆಯ ಪಾಳಿಯಲ್ಲಿ ಅವನ್ನೇ ಹಿಡಿದು ದುಡಿದ ಅನುಭವದಿಂದ ಇನ್ನೂ ಹೆಚ್ಚು.

ವಿದೇಶಿ ಹೆಸರುಗಳನ್ನು ಒಂದೇ ತಕ್ಕಡಿಯಲ್ಲಿಡಬಾರದು. 1882ರಲ್ಲಿ ಆರಂಭವಾದ ಜರ್ಮನಿಯ ವುಪರ್ಟಾಲಿನ ಕ್ನಿಪೆಕ್ಸ್ ಇಕ್ಕಳಗಳಿಗೇ ಹೆಸರಾದ ಕಂಪನಿ, ತನ್ನ ಇಕ್ಕಳಗಳನ್ನು ಜರ್ಮನಿಯಲ್ಲಿಯೇ ತಯಾರಿಸುತ್ತದೆ. ದಿನವಿಡೀ ಇಕ್ಕಳ ಹಿಡಿದು ಕೆಲಸ ಮಾಡುವ ಎಲೆಕ್ಟ್ರಿಷಿಯನ್ನಿಗೋ ಪ್ಲಂಬರಿಗೋ ಅದಕ್ಕೆ ಕೊಡುವ ಹಲವು ಪಟ್ಟು ದರ ಕೈನೋವು ಕಡಿಮೆಯಾಗುವುದರಲ್ಲಿಯೇ ಹುಟ್ಟಿಬರುತ್ತದೆ. ತಿಂಗಳಿಗೊಮ್ಮೆ ಪೆಟ್ಟಿಗೆ ತೆರೆಯುವ ಮನೆಯವರಿಗೆ ಹುಟ್ಟಿಬರುವುದಿಲ್ಲ. ಸ್ಟ್ಯಾನ್ಲಿಯಂಥ ಅಮೆರಿಕದ ಹಳೆಯ ಹೆಸರಿನಡಿ ಬರುವ ಹತ್ಯಾರುಗಳು ಬೇರೆ ಬೇರೆ ದೇಶಗಳಲ್ಲಿ ತಯಾರಾಗುತ್ತವೆ. ಅವುಗಳಲ್ಲಿ ಒಳ್ಳೆಯವು ಬೇಕಾದಷ್ಟಿವೆ, ಆದರೆ ಅಲ್ಲಿ ಬ್ರಾಂಡನ್ನು ನೋಡಿ ಒಟ್ಟಾರೆ ತೀರ್ಮಾನ ಮಾಡುವಂತಿಲ್ಲ, ಕೈಯಲ್ಲಿರುವ ಮಾಡೆಲನ್ನೇ ಪರೀಕ್ಷಿಸಬೇಕು.

ದೇಶಿ ಮಾಲಿನ ಕೊರತೆಗಳನ್ನೂ ಹೇಳದಿದ್ದರೆ ಹೋಲಿಕೆ ಪೂರ್ತಿಯಾಗದು. ಹಿಡಿಕೆಯ ಆಕಾರದಲ್ಲಿ, ಬೆವರಿದ ಕೈಗೆ ಸಿಗುವ ಹಿಡಿತದಲ್ಲಿ ಯುರೋಪಿನ ಹತ್ಯಾರುಗಳು ಮುಂದಿವೆ. ಒಂದೇ ಮಾಡೆಲಿನ ಎರಡು ಇಕ್ಕಳಗಳ ನಡುವೆ ಚಿಕ್ಕ ವ್ಯತ್ಯಾಸ ನಮ್ಮಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಇದಕ್ಕೆ ಉಪಾಯವೆಂದರೆ ಅಂಗಡಿಯವರು ಮೊದಲು ಕೊಟ್ಟದ್ದನ್ನೇ ತೆಗೆದುಕೊಳ್ಳದೆ, ಒಂದೇ ಮಾಡೆಲಿನ ನಾಲ್ಕನ್ನು ಮೇಜಿನ ಮೇಲೆ ಇಡಿಸಿ ಆರಿಸುವುದು.

ಒಂದೊಂದೇ ಹತ್ಯಾರು

ಇಕ್ಕಳದಿಂದ ಆರಂಭಿಸುತ್ತೇನೆ. ಮನೆಗೆ 8 ಅಂಗುಲದ ಕಾಂಬಿನೇಶನ್ ಪ್ಲೈಯರ್ ಒಂದು ಸಾಕು, ಮುಂಬಯಿಯ ಅಂಗಡಿಗಳಲ್ಲಿ ಪಕ್ಕಡ್ ಎಂದರೂ ಅದನ್ನೇ ಕೊಡುತ್ತಾರೆ. ಅದನ್ನು ಮುಚ್ಚಿ ಬೆಳಕಿಗೆ ಹಿಡಿದು ಕತ್ತರಿಸುವ ಅಂಚುಗಳನ್ನು ನೋಡಬೇಕು. ಬೆಳಕಿನ ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗಿದ್ದರೆ ಅಂಚುಗಳು ಸಮನಾಗಿ ಕೂಡುತ್ತಿಲ್ಲ. ಬಿಲ್ಲಿನ ಕಾಗದದ ತುಂಡೊಂದನ್ನು ಆ ಅಂಚುಗಳ ನಡುವೆ ಕತ್ತರಿಸಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಒಳ್ಳೆಯ ಇಕ್ಕಳ ಕಾಗದವನ್ನು ಹರಿಯದೆ ಕತ್ತರಿಸುತ್ತದೆ. ಬಳಿಕ ಹಿಡಿಕೆಗಳನ್ನು ಪಕ್ಕಕ್ಕೆ ಅಲುಗಾಡಿಸಿ ನೋಡಬೇಕು. ಕೀಲು ಸರಾಗವಾಗಿ ತೆರೆಯಬೇಕು, ಪಕ್ಕಕ್ಕೆ ಮಾತ್ರ ಅಲುಗಬಾರದು.

ಇಕ್ಕಳದ ವಿಷಯದಲ್ಲಿ ಜೀವಕ್ಕೆ ಸಂಬಂಧಿಸಿದ ಮಾತೊಂದಿದೆ. ಹಿಡಿಕೆಗೆ ಹೊದಿಸಿದ ಪ್ಲಾಸ್ಟಿಕ್ಕೆಲ್ಲ ವಿದ್ಯುತ್ತನ್ನು ತಡೆಯುವ ಭರವಸೆ ಕೊಡುವುದಿಲ್ಲ. ವಿದ್ಯುತ್ ಕೆಲಸಕ್ಕೆಂದೇ ಪರೀಕ್ಷಿಸಿದ ಹತ್ಯಾರಿನ ಮೇಲೆ ಎರಡು ತ್ರಿಕೋನಗಳ ಚಿಹ್ನೆ, 1000 ವೋಲ್ಟ್ ಎಂಬ ಅಂಕಿ, ಐಇಸಿ 60900 ಎಂಬ ಮಾನಕದ ಹೆಸರು ಇರುತ್ತವೆ. ಆ ಗುರುತಿಲ್ಲದ ಹೊದಿಕೆಯನ್ನು ಹಿಡಿತದ ಅನುಕೂಲವೆಂದಷ್ಟೇ ಎಣಿಸಬೇಕು. ಗುರುತಿದ್ದರೂ ಮುಖ್ಯ ಸ್ವಿಚ್ಚನ್ನು ಆರಿಸದೆ ನಮ್ಮ 230 ವೋಲ್ಟಿನ ತಂತಿಗೆ ಕೈ ಹಾಕಬಾರದು. ಈ ಒಂದು ಹತ್ಯಾರಿನಲ್ಲಿ ದರವನ್ನು ನೋಡುವುದು ಬೇಡವೆಂದೇ ನನ್ನ ಸಲಹೆ, ದೇಶಿಯಾಗಲಿ ವಿದೇಶಿಯಾಗಲಿ ಗುರುತಿರುವುದನ್ನೇ ಕೊಳ್ಳಬೇಕು.

ಸ್ಕ್ರೂ ಡ್ರೈವರಿನಲ್ಲಿ ಜನ ಹಣ ಉಳಿಸಲು ನೋಡುತ್ತಾರೆ, ಆದರೆ ನಷ್ಟವಾಗುವುದೂ ಅದರಲ್ಲೇ ಹೆಚ್ಚು. ಪ್ಲಸ್ ತಲೆಯ ತಿರುಪುಗಳಲ್ಲಿ ಎರಡು ಜಾತಿಗಳಿವೆ ಎಂಬುದು ಹಲವರಿಗೆ ತಿಳಿದಿಲ್ಲ. ಒಂದು ಫಿಲಿಪ್ಸ್, ಅದರ ಗುರುತು ಪಿಎಚ್. ಇನ್ನೊಂದು ಪೋಜಿಡ್ರೈವ್, ಅದರ ಗುರುತು ಪಿಜಡ್. ಎರಡನೆಯದರ ತಲೆಯಲ್ಲಿ ಪ್ಲಸ್‌ನ ತೋಳುಗಳ ನಡುವೆ ನಾಲ್ಕು ಸಣ್ಣ ಓರೆ ಗೆರೆಗಳಿರುತ್ತವೆ. ಸ್ವಿಚ್‌ಬೋರ್ಡು, ಫ್ಯಾನುಗಳ ತಿರುಪಿಗೆ ಸಾಮಾನ್ಯವಾಗಿ ಪಿಎಚ್ 2 ಸಾಕು. ಮಾಡ್ಯುಲರ್ ಅಡುಗೆಮನೆಯ ಬಾಗಿಲುಗಳ ಯುರೋಪಿಯನ್ ಮಾದರಿಯ ಕೀಲುಗಳಲ್ಲಿ ಪಿಜಡ್ 2 ಇರುವುದೇ ಹೆಚ್ಚು. ಒಂದಕ್ಕೆ ಇನ್ನೊಂದನ್ನು ಹಾಕಿ ಒತ್ತಿ ತಿರುಗಿಸಿದರೆ ತುದಿ ಜಾರಿ ತಲೆ ಸವೆಯುತ್ತದೆ, ಬೈಗುಳ ಬಡಗಿಗೆ ಬೀಳುತ್ತದೆ. ಹಾಗಾಗಿ ಹತ್ತರ ಸೆಟ್ಟಿಗಿಂತ ಪಿಎಚ್ 1, ಪಿಎಚ್ 2, ಪಿಜಡ್ 2 ಹಾಗೂ ಎರಡು ಅಳತೆಯ ಚಪ್ಪಟೆ ತುದಿ, ಹೀಗೆ ಐದನ್ನು ಒಳ್ಳೆಯ ದರ್ಜೆಯಲ್ಲಿ ಕೊಳ್ಳುವುದು ವಿವೇಕ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಹೊಸ ತಿರುಪೊಂದನ್ನು ಇಟ್ಟುಕೊಂಡು, ತುದಿಯನ್ನು ಅದರಲ್ಲಿ ಕೂರಿಸಿ ಅಲುಗಾಡಿಸಿ ನೋಡಬಹುದು. ಟೆಸ್ಟರನ್ನು ಸ್ಕ್ರೂ ಡ್ರೈವರಾಗಿ ಬಳಸುವ ಅಭ್ಯಾಸವನ್ನು ಬಿಡಬೇಕು. ಒಳಗಿನ ಭಾಗ ಸಡಿಲವಾದ ಟೆಸ್ಟರು ಕರೆಂಟು ಇದ್ದರೂ ಇಲ್ಲವೆಂದು ತೋರಿಸುವ ಅಪಾಯವಿದೆ.

ಪಾನಾಗಳಲ್ಲಿ ಹದದ ಮಾತು ಮುಖ್ಯ. ಉಕ್ಕನ್ನು ಕಾಸಿ ಎಣ್ಣೆಯಲ್ಲಿಯೋ ನೀರಿನಲ್ಲಿಯೋ ಅದ್ದಿದರೆ ಗಡಸಾಗುತ್ತದೆ, ಆದರೆ ಗಾಜಿನಂತೆ ಒಡೆಯುವ ಸ್ವಭಾವವೂ ಬರುತ್ತದೆ. ಅದನ್ನು ಮತ್ತೆ ಹಿತವಾಗಿ ಕಾಯಿಸಿ ಒಡೆಯುವ ಗುಣವನ್ನು ಇಳಿಸುವುದೇ ಹದ ಕೊಡುವುದು. ಅರಕ್ಕೆ ಬೇಕಾದ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 60ಕ್ಕಿಂತ ಮೇಲಿನದು. ಪಾನಾಕ್ಕೆ ಅಷ್ಟು ಕೊಟ್ಟರೆ ಅದು ಕೈಯಲ್ಲೇ ಮುರಿದೀತು, ಅದಕ್ಕೆ ಸುಮಾರು 40ರ ಆಸುಪಾಸು ಸಾಕು. ಅಗ್ಗದ ಪಾನಾಗಳಲ್ಲಿ ಈ ಹದ ತಪ್ಪಿರುವುದರಿಂದಲೇ ಕೆಲವು ಬಾಯಿ ತೆರೆದುಕೊಳ್ಳುತ್ತವೆ, ಕೆಲವು ಸಿಡಿಯುತ್ತವೆ. ಕಣ್ಣಿಗೆ ಹದ ಕಾಣದು. ತಯಾರಕನ ಹೆಸರನ್ನು ನೆಚ್ಚಬೇಕಾದ್ದು ಇದೇ ಕಾರಣಕ್ಕೆ. ಕಾಣುವಂಥದು ಅಳತೆ. 13 ಮಿಲಿಮೀಟರಿನ ಪಾನಾ ಹೊಸ 8 ಮಿಲಿಮೀಟರ್ ಬೋಲ್ಟಿನ ತಲೆಯ ಮೇಲೆ ಸಡಿಲವಿಲ್ಲದೆ ಕೂರಬೇಕು. 6-7ರಿಂದ 20-22ರವರೆಗಿನ ಎಂಟರ ಕಟ್ಟು ಮನೆ, ಸ್ಕೂಟರು, ಹೋಟೆಲಿನ ಗ್ರೈಂಡರಿನ ಮೋಟಾರು ಇವೆಲ್ಲಕ್ಕೂ ಸಾಲುತ್ತದೆ. ಬಿಗಿಯಾದ ನಟ್ಟಿಗೆ ತೆರೆದ ಬಾಯಿಯ ಫಿಕ್ಸ್ ಪಾನಾಕ್ಕಿಂತ ರಿಂಗ್ ಪಾನಾ ಸುರಕ್ಷಿತ, ಅದು ನಟ್ಟನ್ನು ಸುತ್ತಲೂ ಹಿಡಿಯುತ್ತದೆ.

ನಲ್ಲಿಯ ಕೆಲಸಕ್ಕೆ ಪೈಪ್ ಪಾನಾ ಕೊಳ್ಳುವವರು ಒಂದು ಕ್ಷಣ ಯೋಚಿಸಬೇಕು. ಅದರ ಹಲ್ಲುಗಳು ಕಬ್ಬಿಣದ ಪೈಪಿಗಾಗಿ ಇರುವಂಥವು. ಈಗಿನ ಫ್ಲಾಟುಗಳ ಹೊಳೆಯುವ ಸಿಪಿ (ಕ್ರೋಮ್ ಲೇಪದ) ನಲ್ಲಿಗಳನ್ನು ಅದರಿಂದ ಹಿಡಿದರೆ ಒಂದೇ ತಿರುವಿಗೆ ಲೇಪ ಎದ್ದುಬರುತ್ತದೆ, ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಬಿರಿಯಬಹುದು. 10 ಅಂಗುಲದ ಅಡ್ಜಸ್ಟಬಲ್ ಪಾನಾ ಹೆಚ್ಚು ಉಪಯುಕ್ತ. ಅದನ್ನು ಕೊಳ್ಳುವಾಗ ಸರಿಯುವ ದವಡೆಯನ್ನು ಬೆರಳಿನಿಂದ ಮೇಲೆ ಕೆಳಗೆ ಅಲುಗಿಸಿ, ಅತಿ ಕಡಿಮೆ ಅಲುಗುವುದನ್ನು ಆರಿಸಬೇಕು.

ಸುತ್ತಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಲೆ ಅರ್ಧ ಕಿಲೋ ತೂಕದ ಆಸುಪಾಸಿನಲ್ಲಿದ್ದು, ಹಿಡಿಕೆಗೆ ಬಿಗಿಯಾಗಿ ಕೂತಿದ್ದರೆ ಸಾಕು. ಆದರೆ ಠಾಣೆ, ಘೋಡ್‌ಬಂದರ್, ಪನ್ವೇಲಿನ ಹೊಸ ಗೋಪುರಗಳಲ್ಲಿ ಅಲ್ಯೂಮಿನಿಯಮ್ ಅಚ್ಚಿನಲ್ಲಿ ಕಾಂಕ್ರೀಟು ಸುರಿದು ಗೋಡೆಗಳನ್ನೇ ಎರಕ ಹೊಯ್ದಿರುತ್ತಾರೆ. ಅಲ್ಲಿ ಸುತ್ತಿಗೆಯಿಂದ ಮೊಳೆ ಇಳಿಯುವುದಿಲ್ಲ. ಅಂಥ ಮನೆಯವರು ಹತ್ಯಾರಿನ ಹಣದಲ್ಲಿ ಒಂದು ಪಾಲನ್ನು ಹ್ಯಾಮರ್ ಡ್ರಿಲ್ಲಿಗೆ ತೆಗೆದಿಡಬೇಕು.

ಅಳತೆ ಟೇಪಿನಲ್ಲಿ ನಿಖರತೆಯ ದರ್ಜೆಯನ್ನು ರೋಮನ್ ಅಂಕಿಯಲ್ಲಿ ಮುದ್ರಿಸಿರುತ್ತಾರೆ. ಎರಡನೆಯ ದರ್ಜೆಯ ಟೇಪು 5 ಮೀಟರಿನಲ್ಲಿ ಹೆಚ್ಚೆಂದರೆ 1.3 ಮಿಲಿಮೀಟರ್ ತಪ್ಪಬಹುದು, ಮೂರನೆಯದಕ್ಕೆ 2.6 ಮಿಲಿಮೀಟರ್‌ವರೆಗೆ ಅವಕಾಶವಿದೆ. ಮೊನೆಯ ಕೊಕ್ಕೆ ಸ್ವಲ್ಪ ಅಲುಗುತ್ತದೆಂದು ಹಲವರು ಟೇಪನ್ನು ವಾಪಸು ಕೊಡುತ್ತಾರೆ. ಅದು ದೋಷವಲ್ಲ. ಒಳಗಿನಿಂದ ಅಳೆದರೂ ಹೊರಗಿನಿಂದ ಅಳೆದರೂ ಲೆಕ್ಕ ಒಂದೇ ಬರಲೆಂದು ಕೊಕ್ಕೆ ತನ್ನ ದಪ್ಪದಷ್ಟೇ ಸರಿಯುವಂತೆ ಮಾಡಿರುತ್ತಾರೆ.

ನಮ್ಮ ಮನೆಗಳಿಗೆ ಮಾತ್ರ ವಿಶೇಷವಾಗಿ ಬೇಕಾದ ಒಂದು ಹತ್ಯಾರು ತ್ರಿಕೋನ ಅರ. ಹೆರೆಮಣೆಯ ಹಲ್ಲು ಮೊಂಡಾದಾಗ ಹೊಸದನ್ನು ಕೊಳ್ಳುವ ಮೊದಲು 6 ಅಂಗುಲದ ನಯವಾದ ತ್ರಿಕೋನ ಅರದಿಂದ ಹಲ್ಲುಗಳ ಸಂದುಗಳನ್ನು ಒಂದೇ ದಿಕ್ಕಿನಲ್ಲಿ ಉಜ್ಜಿ ನೋಡಿ. ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದಕ್ಕೆ ಎಳೆಯುವಾಗ ಎತ್ತಬೇಕು, ಇಲ್ಲದಿದ್ದರೆ ಅರದ ಹಲ್ಲೇ ಸವೆಯುತ್ತದೆ. ಇದರಲ್ಲಿ ವಿದೇಶಿ ಮಾಲನ್ನು ಹುಡುಕುವ ಅಗತ್ಯವೇ ಇಲ್ಲ.

ಇವನ್ನೆಲ್ಲ ಇಡುವ ರೀತಿಗೂ ಮುಂಬಯಿ, ಗೋವೆಗಳಲ್ಲಿ ಗಮನ ಬೇಕು. ಸಮುದ್ರದ ಉಪ್ಪುಗಾಳಿಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಕ್ರೋಮ್ ಲೇಪ ತೆಳ್ಳಗಿರುವ ಹತ್ಯಾರು ಒಂದೇ ಮಳೆಗಾಲದಲ್ಲಿ ಕೆಂಪಾಗುತ್ತದೆ. ಬಣ್ಣ ಬಳಿದ ಇಲ್ಲವೇ ಕಪ್ಪು ಲೇಪದ ಹತ್ಯಾರುಗಳನ್ನು ಮಳೆಗಾಲಕ್ಕೆ ಮೊದಲು ಮೆಷಿನ್ ಎಣ್ಣೆಯ ಬಟ್ಟೆಯಿಂದ ಒರೆಸಿಡಬೇಕು. ಅರಗಳಿಗೆ ಎಣ್ಣೆ ತಾಕಿಸದೆ ಒಣ ಬಟ್ಟೆಯಲ್ಲಿ ಸುತ್ತಿಡುವುದು ಒಳ್ಳೆಯದು. ಪುಣೆಯ ಒಣ ಹವೆಯಲ್ಲಿ ಈ ತೊಂದರೆ ಕಡಿಮೆ.

ಸೇಲು ಯಾವಾಗ ಉಪಯೋಗಕ್ಕೆ ಬರುತ್ತದೆ

ಗಣೇಶ ಚತುರ್ಥಿ ಮುಗಿದ ವಾರ ಬೇಕಾದ ಹತ್ಯಾರುಗಳ ಮಾಡೆಲ್ ನಂಬರುಗಳನ್ನು ಒಂದು ಕಾಗದದಲ್ಲಿ ಬರೆದು, ಪಕ್ಕದಲ್ಲಿ ಹತ್ತಿರದ ಅಂಗಡಿಯ ದರ, ನಾಗದೇವಿಯ ನೆಟ್ ರೇಟ್, ಆನ್‌ಲೈನಿನ ಅಂದಿನ ದರ ಈ ಮೂರನ್ನು ಗುರುತು ಮಾಡಿಕೊಳ್ಳಬೇಕು. ನವರಾತ್ರಿಯ ಸೇಲು ಆರಂಭವಾದ ದಿನ ಅದೇ ನಂಬರಿನ ದರವನ್ನು ಈ ಮೂರಕ್ಕೂ ಹೋಲಿಸಿ, ಕಡಿಮೆಯಿದ್ದರೆ ಮಾತ್ರ ಕೊಳ್ಳಬೇಕು. ಫಲಕದ ಮೇಲಿನ ಶೇಕಡಾವನ್ನು ಈ ಕಾಗದದಲ್ಲಿ ಬರೆಯುವ ಅಗತ್ಯವಿಲ್ಲ. ನನ್ನ ಅನುಭವದಲ್ಲಿ ಹತ್ಯಾರು ಇಡುವ ಪೆಟ್ಟಿಗೆ, ಟೇಪು, ಡ್ರಿಲ್ ಬಿಟ್ಟುಗಳ ಕಟ್ಟು, ಡ್ರಿಲ್ ಮೆಷಿನು ಇವು ಸೇಲಿನಲ್ಲಿ ನಿಜವಾಗಿ ಇಳಿಯುತ್ತವೆ. ದೇಶಿ ಇಕ್ಕಳ, ಪಾನಾಗಳ ದರ ನಾಗದೇವಿಯಲ್ಲಿ ವರ್ಷವಿಡೀ ಇರುವುದಕ್ಕಿಂತ ಹೆಚ್ಚೇನೂ ಕೆಳಗೆ ಬರುವುದಿಲ್ಲ. ಹಣ ಒಟ್ಟಿಗೆ ಹೊಂದುವುದಿಲ್ಲವೆಂದರೆ ಈ ತಿಂಗಳು ಇಕ್ಕಳ ಮತ್ತು ಎರಡು ಸ್ಕ್ರೂ ಡ್ರೈವರು, ಬರುವ ತಿಂಗಳು ಅಡ್ಜಸ್ಟಬಲ್ ಪಾನಾ, ದೀಪಾವಳಿಗೆ ರಿಂಗ್ ಪಾನಾಗಳ ಕಟ್ಟು ಎಂದು ಕ್ರಮವಾಗಿ ಕೊಳ್ಳಬಹುದು. ಆಯುಧಪೂಜೆಗೆ ಅಷ್ಟು ಹೊತ್ತಿಗೆ ಮನೆಯಲ್ಲಿರುವ ಮೂರೇ ಹತ್ಯಾರುಗಳಿಗೆ ಕುಂಕುಮವಿಟ್ಟರಾಯಿತು.